‘ಸಹಾಯಧನ’ ಅಂದರೆ ಸಾಕೇ? ಅಯೋವಾದ ಮೆಕ್ಕೆಜೋಳದ ಹಣಕ್ಕೊಂದು ಪದ ಬೇಕು

ಗೆಳೆಯರೇ,

ಅಮೆರಿಕದ ಅಯೋವಾ ರಾಜ್ಯದ ಕೊಸುತ್ ಕೌಂಟಿಯ (ಕೌಂಟಿ ಅಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ) ರೈತರಿಗೆ ಸರ್ಕಾರ ಕೊಡುವ ಹಣದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ, ಸೋಯಾ. ಆ ಹಣಕ್ಕೆ ಅವರು ‘ಕಮಾಡಿಟಿ ಸಬ್ಸಿಡಿ’ ಅನ್ನುತ್ತಾರೆ. ರೂಢಿಯಂತೆ ‘ಸಹಾಯಧನ’ ಎಂದು ಬರೆದೆ. ಓದಿಕೊಂಡಾಗ ಒಗ್ಗಲಿಲ್ಲ. ಸಹಾಯಧನ ಅಂದ ಕೂಡಲೇ ನಮಗೆ ಹನಿ ನೀರಾವರಿ ಪೈಪು, ಪವರ್ ಟಿಲ್ಲರ್ ನೆನಪಾಗುತ್ತವೆ, ಅಲ್ವಾ? ಏನನ್ನೋ ಕೊಳ್ಳುವಾಗ ಸರ್ಕಾರ ಹೊರುವ ಪಾಲು ಅದು.

ಅಲ್ಲಿನ ಲೆಕ್ಕವೇ ಬೇರೆ. 2014ರ ಕೃಷಿ ಕಾಯ್ದೆ ಮೆಕ್ಕೆಜೋಳಕ್ಕೆ ಬುಶೆಲ್‌ಗೆ 3.70 ಡಾಲರ್ ಎಂದು ಒಂದು ಬೆಲೆ ಗೊತ್ತುಮಾಡಿತು. ಬುಶೆಲ್ ಅಂದರೆ ಸುಮಾರು 25 ಕೆ.ಜಿ. 2016ರ ಬೆಳೆಗೆ ದೇಶದ ಸರಾಸರಿ ಬೆಲೆ 3.36 ಡಾಲರಿಗೆ ಇಳಿಯಿತು. ಗೊತ್ತುಮಾಡಿದ್ದಕ್ಕಿಂತ ಬೆಲೆ ಇಳಿದರೆ ವ್ಯತ್ಯಾಸ ಕೊಡುವ ಯೋಜನೆ ಆಯ್ದುಕೊಂಡಿದ್ದವರಿಗೆ ಬುಶೆಲ್‌ಗೆ ಕಡಿಮೆ ಬಿದ್ದ 34 ಸೆಂಟಿನ ಲೆಕ್ಕದಲ್ಲಿ ಹಣ ಸಿಕ್ಕಿತು. ಅಯೋವಾದಲ್ಲಿ ಜಾಸ್ತಿ ಜನ ಆಗ ಆಯ್ದುಕೊಂಡದ್ದು ಇನ್ನೊಂದು ಯೋಜನೆ; ಅದರಲ್ಲಿ ಇಡೀ ಕೌಂಟಿಯ ಎಕರೆವಾರು ಆದಾಯ ಕುಸಿದರೆ ಹಣ.

‘ಬೆಂಬಲ ಬೆಲೆ’ ಅನ್ನೋಣ ಅಂದರೆ ಆ ಮಾತಿನ ಹಿಂದೆಯೇ ಖರೀದಿ ಕೇಂದ್ರ, ಗೋಣಿಚೀಲ, ಸರದಿ ಎಲ್ಲ ಬರುತ್ತವೆ. ಈ ಯೋಜನೆಗಳಲ್ಲಿ ಸರ್ಕಾರ ಒಂದು ಕಾಳನ್ನೂ ಕೊಳ್ಳುವುದಿಲ್ಲ. ‘ಪರಿಹಾರ’ ಅನ್ನಲು ಬರ, ನೆರೆ ಬಂದಿರಬೇಕು. ಅಲ್ಲಿ ಬೆಳೆ ಚೆನ್ನಾಗಿ ಬಂದದ್ದೇ ಬೆಲೆ ಬೀಳಲು ಕಾರಣವಾಗಬಹುದು. ‘ಪ್ರೋತ್ಸಾಹಧನ’ ಹಾಲಿನವರ ಮಾತು. ಡೇರಿಗೆ ಹಾಕಿದಷ್ಟು ಹಾಲಿಗೆ ಲೀಟರಿನ ಲೆಕ್ಕದಲ್ಲಿ ಸಿಗುತ್ತದೆ.

ಜಾಸ್ತಿ ಕಾಡುತ್ತಿರುವುದು ‘ಬೇಸ್ ಎಕರೆ’. ಹಣ ಈ ವರ್ಷ ಬಿತ್ತಿದ ನೆಲಕ್ಕಲ್ಲ. ಹಿಂದಿನ ವರ್ಷಗಳ ಬಿತ್ತನೆ ನೋಡಿ ಆ ಜಮೀನಿನ ಹೆಸರಲ್ಲಿ ಬರೆದಿಟ್ಟ ಎಕರೆಗೆ. ಅದರಲ್ಲೂ 100 ಎಕರೆ ಇದ್ದರೆ 85ಕ್ಕೆ ಮಾತ್ರ ಲೆಕ್ಕ.

ಹಾವೇರಿ ಕಡೆಯ ನಮ್ಮ ಕಾಕಾ ಗೋವಿನಜೋಳ ಬೆಳೆಯುತ್ತಾರೆ. (ಮೆಕ್ಕೆಜೋಳಕ್ಕೆ ಆ ಕಡೆಯ ಹೆಸರು ಅದು; ನಾವು ಮೈಸೂರು ಕಡೆಯವರು ಮುಸುಕಿನ ಜೋಳ ಅನ್ನುತ್ತೇವೆ.) ಅವರಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. “ಹೊಲದಾಗ ಸೋಯಾ ಐತಿ, ರೊಕ್ಕ ಗೋವಿನಜೋಳದ್ದು ಬರ್ತೈತಾ?” ಅಂದರು. ಹೌದು, ಅದೇ. “ಹಂಗಾರ ಅದು ಪಹಣಿಯಾಗಿನ ಬೆಳಿಗೆ ಕೊಡೋ ರೊಕ್ಕ. ರೇಟು ಎಷ್ಟು ಕಡಿಮಿ ಬಿತ್ತೋ ಅಷ್ಟು ಭರ್ತಿ ಮಾಡ್ತಾರ.”

ನಾಲ್ಕು ದಿನ ನಾನು ನಿಘಂಟು ತಿರುವಿ ಸಿಗದದ್ದು ಆ ‘ಭರ್ತಿ’ಯಲ್ಲಿತ್ತು. ‘ಬೆಲೆ ಭರ್ತಿ ಹಣ’ ಅಂದರೆ ಹೇಗೆ? ಆದಾಯ ನೋಡಿ ಕೊಡುವುದಕ್ಕೆ ‘ಆದಾಯ ಭರ್ತಿ’ ಅನ್ನಬಹುದು. ಬೇಸ್ ಎಕರೆಗೆ ‘ಪಹಣಿ ಎಕರೆ’ ಎಂದು ಬರೆಯಲು ಆಸೆ, ಆದರೆ ನಮ್ಮ ಪಹಣಿಯಲ್ಲಿ ಬೆಳೆ ಬದಲಾದರೆ ಕಾಲಂ ಕೂಡ ಬದಲಾಗಬೇಕು. ಅಲ್ಲಿ ಹಾಗಲ್ಲ. ‘ಮೂಲ ಎಕರೆ’ ಅಂದರೆ ಏನೂ ತಿಳಿಯುವುದಿಲ್ಲ. ‘ಲೆಕ್ಕದ ಎಕರೆ’ ನಡೆಯುತ್ತದೆಯೇ?

‘ಕೌಂಟಿ’ ಎಂಬ ಪದವನ್ನು ಹಾಗೇ ಬಿಡುತ್ತೇನೆ. ಕೊಸುತ್‌ನಲ್ಲಿ ಇರುವುದು ಸುಮಾರು 15 ಸಾವಿರ ಜನ. ‘ಜಿಲ್ಲೆ’ ಅಂದರೆ ಓದುವವರು ಬೇರೇನೋ ಅಂದುಕೊಳ್ಳುತ್ತಾರೆ.

ನಿಮ್ಮ ಕಡೆಯ ಮಂಡಿಯಲ್ಲಿ, ಸಹಕಾರ ಸಂಘದಲ್ಲಿ, ಕಡಿಮೆ ಬಿದ್ದದ್ದನ್ನು ತುಂಬಿಕೊಡುವ ಹಣಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಯಾವ ತಾಲ್ಲೂಕಿನ ಮಾತು ಅನ್ನುವುದನ್ನೂ ಬರೆಯಿರಿ.