ಪದಚರ್ಚೆ: ‘ನ್ಯೂನ ಸಂಖ್ಯೆ’ಯೋ ‘ಕೊರತೆ ಸಂಖ್ಯೆ’ಯೋ?

ಬಲ್ಲವರಿಗೆಲ್ಲ ನಮಸ್ಕಾರ.

ಹಾಸನದ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗಾಗಿ ಸಂಖ್ಯೆಗಳ ಬಗೆಗಳನ್ನು ತೋರಿಸುವ ಗೋಡೆಪಟ ಮಾಡುತ್ತಿದ್ದೇನೆ. ನಡುವೆ ಒಂದು ದೊಡ್ಡ ಸಂಖ್ಯೆ, ಸುತ್ತ ಅದರ ಗುಣಗಳು. ನೆನಪಿನಲ್ಲಿ ಉಳಿಯಲೆಂದು 12,34,56,789 ಆರಿಸಿಕೊಂಡೆ. ಬೆಸ, ಸಂಯುಕ್ತ, ಅವಿಭಾಜ್ಯ ಅಪವರ್ತನ ಇವೆಲ್ಲ ಮಕ್ಕಳಿಗೆ ಗೊತ್ತಿರುವ ಮಾತುಗಳೇ. ತೊಡಕು ಅಲ್ಲಿಂದ ಮುಂದಕ್ಕೆ.

ಈ ಸಂಖ್ಯೆ 3 × 3 × 3607 × 3803. ಇದನ್ನು ಬಿಟ್ಟು ಇದರ ಉಳಿದ ಅಪವರ್ತನಗಳನ್ನೆಲ್ಲ ಕೂಡಿದರೆ 5,49,66,027. ಅರ್ಧಕ್ಕೂ ಮುಟ್ಟುವುದಿಲ್ಲ. ಮೊತ್ತ ಹೀಗೆ ಮೂಲ ಸಂಖ್ಯೆಗಿಂತ ಕಡಿಮೆ ಬಿದ್ದರೆ ಇಂಗ್ಲಿಷಿನಲ್ಲಿ ಡೆಫಿಶಿಯೆಂಟ್, ಮೀರಿದರೆ ಅಬಂಡೆಂಟ್. 12ಕ್ಕೆ 1+2+3+4+6 ಕೂಡಿ 16 ಆಗುವಂತೆ. ಸರಿಯಾಗಿ ಅಷ್ಟೇ ಬಂದರೆ ಪರಿಪೂರ್ಣ: 6, 28, ದೊಡ್ಡದು ಬೇಕೆಂದರೆ 3,35,50,336. ಸುಮಾರು ಕ್ರಿ.ಶ. 100ರ ಗ್ರೀಕ್ ಗಣಿತಜ್ಞ ನಿಕೊಮಾಕಸ್ ಮಾಡಿಟ್ಟ ವಿಂಗಡಣೆ ಇದು.

ಸಹೋದ್ಯೋಗಿಯೊಬ್ಬರು ‘ನ್ಯೂನ’, ‘ಅಧಿಕ’ ಸೂಚಿಸಿದರು. ಸಂಸ್ಕೃತದಲ್ಲಿ ನ್ಯೂನವೆಂದರೆ ಕಡಿಮೆ, ಸರಿ. ಆದರೆ ಇವತ್ತಿನ ಕನ್ನಡದಲ್ಲಿ ನ್ಯೂನತೆ ಎಂದರೆ ದೋಷ. ಸಂಖ್ಯೆಯಲ್ಲಿ ಏನೋ ಐಬಿದೆ ಎಂದು ಮಗು ತಿಳಿದುಕೊಳ್ಳುತ್ತದೆ. ‘ಅಧಿಕ ಸಂಖ್ಯೆ’ ಇನ್ನೂ ಕಷ್ಟ: ‘ಅಧಿಕ ಸಂಖ್ಯೆಯಲ್ಲಿ ಜನ ಸೇರಿದ್ದರು’ ಎಂದು ದಿನಾ ಓದುವವರಿಗೆ ಅದು ಪಾರಿಭಾಷಿಕ ಪದವಾಗಿ ಕಾಣುವುದೇ ಇಲ್ಲ.

ನನ್ನ ಒಲವು ‘ಕೊರತೆ ಸಂಖ್ಯೆ’, ‘ಮಿಗತೆ ಸಂಖ್ಯೆ’ ಕಡೆಗೆ. ಬಜೆಟ್ ಸುದ್ದಿಯಲ್ಲಿ ಈ ಜೋಡಿ ಆಗಲೇ ಬಳಕೆಯಲ್ಲಿದೆ. ನಮ್ಮ ಕಡೆ ಲೆಕ್ಕ ಹಾಕುವಾಗ ‘ಕಮ್ಮಿ ಬಿತ್ತು’, ‘ಮಿಕ್ತು’ ಅನ್ನುತ್ತಾರಲ್ಲ, ಅದಕ್ಕೂ ಹತ್ತಿರ. ಹೆಸರು ಕೇಳಿದೊಡನೆ ಮಾಡಬೇಕಾದ ಲೆಕ್ಕ ಹೊಳೆಯಬೇಕು.

ಎರಡನೆಯದು. ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿಗಳಲ್ಲಿ, ಬರೆದಾಗ ಈ ಸಂಖ್ಯೆಯಲ್ಲಿ 16 ಒಂದುಗಳು. ಒಂದುಗಳ ಎಣಿಕೆ ಸಮವಾದರೆ ಈವಿಲ್, ಬೆಸವಾದರೆ ಓಡಿಯಸ್ ಎಂಬ ಹೆಸರು. ಅಲ್ಲಿ ಅದು ಈವನ್, ಆಡ್ ಪದಗಳ ಮೇಲಿನ ಶ್ಲೇಷೆ. ಕನ್ನಡದಲ್ಲಿ ‘ದುಷ್ಟ ಸಂಖ್ಯೆ’ ಎಂದರೆ ಶ್ಲೇಷೆ ಹೋಗಿ ಬೈಗುಳ ಮಾತ್ರ ಉಳಿಯುತ್ತದೆ. ‘ಸಮ-ಒಂದಿನ ಸಂಖ್ಯೆ’, ‘ಬೆಸ-ಒಂದಿನ ಸಂಖ್ಯೆ’ ಎಂದು ಬರೆದಿದ್ದೇನೆ. ಅರ್ಥ ಸ್ಪಷ್ಟ, ಆದರೆ ನಾಲಿಗೆಗೆ ಒರಟು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದೀತೆ?

ಮಹಾರಾಷ್ಟ್ರದ ದೇವಳಾಲಿಯ ಗಣಿತಜ್ಞ ಕಾಪ್ರೇಕರ್ ಇಟ್ಟ ‘ಹರ್ಷದ’ ಮಾತ್ರ ಇದ್ದಂತೆಯೇ ಕನ್ನಡಕ್ಕೆ ಒಗ್ಗುತ್ತದೆ. ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ ಅದು. ನಮ್ಮದರ ಅಂಕಿಗಳ ಮೊತ್ತ 45. ಕೊನೆಯ ಅಂಕಿ 9 ಆದ್ದರಿಂದ 5ರಿಂದ ಭಾಗವಾಗದು, ಹಾಗಾಗಿ 45ರಿಂದಲೂ ಇಲ್ಲ.

ಇನ್ನೊಂದು ಕೇಳಿಕೆ. ಹೊಯ್ಸಳರ ಕಾಲದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದವನು. ಹೆಚ್ಚು, ಕಡಿಮೆ, ಉಳಿಕೆಗಳಿಗೆ ಅವನು ಬಳಸಿದ ಪದಗಳನ್ನು ಮೂಲದಲ್ಲೇ ಓದಿದವರು ಇಲ್ಲಿದ್ದರೆ ದಯವಿಟ್ಟು ಸಾಲುಸಮೇತ ಬರೆಯಿರಿ. ‘ಮಿಗು’ ಧಾತು ಅಲ್ಲಿ ಲೆಕ್ಕದ ಅರ್ಥದಲ್ಲಿ ಬಂದಿದ್ದರೆ ‘ಮಿಗತೆ’ಯನ್ನೇ ಪಟಕ್ಕೆ ಹಾಕಿಬಿಡುತ್ತೇನೆ.