‘ಅಣು ಶೋಧಕ’ ಅಂದರೆ ಓದುವವರಿಗೆ ಏನು ಅರ್ಥವಾಗುತ್ತದೆ?

ಗೆಳೆಯರೇ,

ಚರ್ಮದ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ರೋಗದ ಜೀವಕೋಶಗಳನ್ನು ಬೆಳಗಿ ತೋರಿಸುವ ‘ಫ್ಲೋರೆಸೆಂಟ್ ಮಾಲಿಕ್ಯುಲರ್ ಪ್ರೋಬ್’ ಎಂಬ ವಸ್ತುವಿಗೆ ‘ಪ್ರತಿದೀಪ್ತ ಅಣು ಶೋಧಕ’ ಎಂದು ಬರೆದೆ. ಕರಡು ಓದಿದ ಅತ್ತೆ ಗಾಬರಿಯಿಂದ ಕೇಳಿದರು: ‘ಅಣು ಅಂದ್ರೆ ಕೈಗಾದಲ್ಲಿರೋದು ತಾನೇ? ಅದನ್ನ ಮೈಗೆ ಹಚ್ತಾರಾ?’

ಅವರದು ತಪ್ಪಲ್ಲ. ಪಾಠಪುಸ್ತಕದಲ್ಲಿ ಮಾಲಿಕ್ಯೂಲ್ ಅಂದರೆ ಅಣು, ಆಟಂ ಅಂದರೆ ಪರಮಾಣು. ಆದರೆ ಜನರ ಕಿವಿಗೆ ಬಿದ್ದಿರುವುದು ಅಣುಬಾಂಬ್, ಅಣುಸ್ಥಾವರ. ಕ್ಯಾನ್ಸರ್ ಪಕ್ಕದಲ್ಲಿ ‘ಅಣು’ ಬಂದರೆ ವಿಕಿರಣ ಅಂತಲೇ ಅಂದುಕೊಳ್ಳುತ್ತಾರೆ, ಅಲ್ವಾ? ಇಲ್ಲಿ ಅಂಥದ್ದೇನೂ ಇಲ್ಲ.

ಮೈಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಜೀವಕೋಶಗಳಲ್ಲಿ ಅದು ಸಾಮಾನ್ಯವಾಗಿ ಜಾಸ್ತಿ. ಸಂಶೋಧಕರು ರೂಪಿಸಿರುವ ಕೆಲವು ಪ್ರೋಬ್‌ಗಳು ಮೊದಲು ಬೆಳಗುವುದೇ ಇಲ್ಲ. ಈ ಕಿಣ್ವ ಮುಟ್ಟಿದ ಮೇಲಷ್ಟೇ, ಒಂದು ಬೆಳಕು ಹಾಯಿಸಿದರೆ ಬೇರೆ ಬಣ್ಣದಲ್ಲಿ ಬೆಳಗುತ್ತವೆ. ಅಮೈನೊಲೆವುಲಿನಿಕ್ ಆಮ್ಲದ ಮುಲಾಮಿನದು ಇನ್ನೊಂದು ದಾರಿ. ಹಚ್ಚಿ ಕೆಲವು ಗಂಟೆ ಬಿಟ್ಟರೆ ರೋಗದ ಜೀವಕೋಶಗಳಲ್ಲಿ ಪೋರ್ಫಿರಿನ್ ಎಂಬ ವಸ್ತು ಹೆಚ್ಚು ಸೇರುತ್ತದೆ, ನೇರಳೆ-ನೀಲಿ ಬೆಳಕಿನಲ್ಲಿ ಆ ಜಾಗ ಕೆಂಪಗೆ ಕಾಣುತ್ತದೆ.

‘ಪ್ರತಿದೀಪ್ತಿ’ ಭಾರವಾದ ಪದ. ಆದರೂ ನನಗೆ ಇಷ್ಟ. ಒಂದು ಬೆಳಕು ಪಡೆದು ಇನ್ನೊಂದನ್ನು ಮರಳಿಸುವುದು ‘ಪ್ರತಿ’ಯಲ್ಲೇ ಇದೆ. ‘ಹೊಳಪು’ ಅಂದರೆ ಸ್ಟೀಲ್ ಲೋಟವೂ ಹೊಳೆಯುತ್ತದೆ. ‘ಮಿಣುಕು’ ಅಂದರೆ ಮಿಣುಕುಹುಳ ನೆನಪಾಗುತ್ತದೆ, ಅದರ ಬೆಳಕು ಅದರದ್ದೇ. ಹಾಗೆ ನೋಡಿದರೆ ಇಂಗ್ಲಿಷ್ ಪದವೂ ಏನನ್ನೂ ವಿವರಿಸುವುದಿಲ್ಲ. 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಅದನ್ನು ಫ್ಲೋರ್‌ಸ್ಪಾರ್ ಎಂಬ ಕಲ್ಲಿನ ಹೆಸರಿನಿಂದ ಕಟ್ಟಿದರು. ಓದುಗರಿಗೆ ಟ್ಯೂಬ್‌ಲೈಟ್ ನೆನಪಿಸಿದರೆ ಸಾಕು ಅನ್ನಿಸುತ್ತದೆ. ಕೊಳವೆಯೊಳಗಿನ ಅತಿನೇರಳೆ ಬೆಳಕನ್ನು ಗಾಜಿನ ಒಳಬದಿಯ ಲೇಪನ ಬಿಳಿ ಬೆಳಕಾಗಿ ಕೊಡುವುದೂ ಇದೇ ಕ್ರಿಯೆ.

ನನಗೆ ನಿಜವಾಗಿ ತೊಡಕಾಗಿರುವುದು ‘ಶೋಧಕ’. ನಮ್ಮ ಮನೆಯಲ್ಲಿ ಕಾಫಿ ಶೋಧಿಸುತ್ತೇವೆ. ಪ್ರಯೋಗಾಲಯದಲ್ಲಿ ಫಿಲ್ಟರ್ ಕಾಗದ ಅಂದರೆ ಶೋಧಕ ಕಾಗದ. ಪ್ರೋಬ್‌ಗೆ ಪತ್ರಿಕೆಯವರು ಬಳಸುವ ‘ತನಿಖೆ’ ಪೊಲೀಸರದ್ದಾಯಿತು. ‘ಸಲಾಕೆ’ ಅಂದರೆ ಚುಚ್ಚುವ ಕಡ್ಡಿ, ಅದು ಇನ್ನೂ ಹೆದರಿಸುತ್ತದೆ.

ಸದ್ಯಕ್ಕೆ ‘ಬೆಳಗುವ ಸುಳಿವುಬಣ್ಣ’ ಎಂದು ಬರೆದಿಟ್ಟಿದ್ದೇನೆ. ಅತ್ತೆಗೆ ತಕ್ಷಣ ಅರ್ಥವಾಯಿತು. ಆದರೆ ಕಿಣ್ವ ಸಿಗುವ ತನಕ ಬೆಳಗದೇ ಇರುವ ವಸ್ತುವನ್ನು ‘ಬಣ್ಣ’ ಅನ್ನಬಹುದೇ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ರೋಗಿಗಳ ಜೊತೆ ಏನೆನ್ನುತ್ತೀರಿ? ದಯವಿಟ್ಟು ತಿಳಿಸಿ.