ಸಂಬಳ ಏರಿದರೆ ಬಾಡಿಗೆಯೂ ಏರುತ್ತದಲ್ಲ? ಎಫ್‌ಎಸ್‌ಎಸ್‌ಗೆ ಯಾವಾಗ ಸಹಿ ಹಾಕಬೇಕು (ಅಮೆರಿಕ, ಸೆಕ್ಷನ್ 8)

ಹೇಮಾವತಿ_ತೀರ:
ಕನ್ನಡ ಕೂಟದ ಸೇವಾ ತಂಡದಿಂದ ಅರ್ಜಿ ತುಂಬಿಸಿಕೊಡುತ್ತಿರುವ ಒಂದು ಕುಟುಂಬದ ವಿಷಯ. ತಾಯಿ, ಇಬ್ಬರು ಮಕ್ಕಳು, ಸೆಕ್ಷನ್ 8 ವೋಚರ್ (ಆದಾಯದ ಸುಮಾರು 30 ಶೇಕಡಾ ಬಾಡಿಗೆ ಕುಟುಂಬದ್ದು, ಉಳಿದದ್ದು ಸರ್ಕಾರದ ನೆರವು). ದುಡಿಮೆ ವರ್ಷಕ್ಕೆ 15,000 ಡಾಲರ್, ಜೊತೆಗೆ ಟ್ಯಾನ್ಫ್ (ಮಕ್ಕಳಿರುವ ಬಡ ಕುಟುಂಬಗಳಿಗೆ ಸರ್ಕಾರದ ನೆರವು) ನಗದು ತಿಂಗಳಿಗೆ 250. ಮುಂದಿನ ತಿಂಗಳಿಂದ ಪೂರ್ಣಾವಧಿ ಕೆಲಸ, 25,200. ಆಗ ಟ್ಯಾನ್ಫ್ ನಿಲ್ಲುತ್ತದೆ. ಹೌಸಿಂಗ್ ಅಥಾರಿಟಿಯವರು ಫ್ಯಾಮಿಲಿ ಸೆಲ್ಫ್ ಸಫಿಷಿಯೆನ್ಸಿಗೆ (ಎಫ್‌ಎಸ್‌ಎಸ್, ದುಡಿಮೆ ಏರಿದಾಗ ಕುಟುಂಬಕ್ಕೆ ಹಣ ಕೂಡಿಡುವ ಕಾರ್ಯಕ್ರಮ) ಸೇರಿ ಅಂತಿದ್ದಾರೆ. ಕೆಲಸ ಗಟ್ಟಿಯಾದ ಮೇಲೆ ನೋಡೋಣ ಅನ್ನೋದು ಆಕೆಯ ಲೆಕ್ಕ. ಸರಿಯೇ?

ಲೆಕ್ಕದ_ಪುಟ:
ಸರಿಯಲ್ಲ ಮೇಡಂ, ಈಗಲೇ ಸಹಿ ಹಾಕಿಸಿ. ಒಪ್ಪಂದ ಜಾರಿಯಾಗುವ ದಿನ ಕಡತದಲ್ಲಿರುವ ದುಡಿಮೆ ಮತ್ತು ಬಾಡಿಗೆಯೇ ಮೂಲ ಅಂಕಿ. ಅದಕ್ಕಿಂತ ಮೇಲೆ ಏರಿದ್ದರ ಲೆಕ್ಕದಲ್ಲಷ್ಟೇ ಎಸ್ಕ್ರೋ ಖಾತೆಗೆ (ಕುಟುಂಬಕ್ಕಾಗಿ ಅಥಾರಿಟಿ ಹಣ ಕೂಡಿಡುವ ಖಾತೆ, ಕಾರ್ಯಕ್ರಮ ಮುಗಿಸಿದಾಗ ಅದು ಕೈಗೆ ಬರುತ್ತದೆ) ಬೀಳುತ್ತದೆ. ಹೊಸ ಸಂಬಳದ ಮೇಲೆ ಬಾಡಿಗೆ ನಿಗದಿಯಾದ ಮೇಲೆ ಸೇರಿದರೆ 25,200 ಮೂಲ ಅಂಕಿಯಾಗುತ್ತದೆ, ಈ ಏರಿಕೆಗೆ ಒಂದು ಕಾಸೂ ಸಿಗದು.

ತಿಂಗಳ ಜಮೆ ಹೀಗೆ: ದುಡಿಮೆಯಲ್ಲಿ ಏರಿದ ಮೊತ್ತದ 2.5 ಶೇಕಡಾ, ಅಥವಾ ಬಾಡಿಗೆಯ ಏರಿಕೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲಿ ದುಡಿಮೆ ಏರಿದ್ದು 10,200, ಅಂದರೆ 255. ಆದರೆ ಟ್ಯಾನ್ಫ್‌ನ 3,000 ಹೋಯಿತಲ್ಲ, ಒಟ್ಟು ಆದಾಯ ಏರಿದ್ದು 7,200 ಮಾತ್ರ. ಬಾಡಿಗೆ ಅದರ 30 ಶೇಕಡಾ, ತಿಂಗಳಿಗೆ 180. ಹಾಗಾಗಿ ಜಮೆ 180. ಸಂಬಳ ಹಾಗೇ ಉಳಿದರೂ 60 ತಿಂಗಳಿಗೆ 10,800 ಡಾಲರ್, ಬಡ್ಡಿ ಬೇರೆ. ಪೂರ್ಣಾವಧಿ ಅಂದ ಮೇಲೆ ಮಗು ನೋಡಿಕೊಳ್ಳುವ ಖರ್ಚು ಹೆಚ್ಚುತ್ತದೆ. 13 ವರ್ಷದೊಳಗಿನ ಮಕ್ಕಳಿದ್ದರೆ ಅದನ್ನು ಆದಾಯದಿಂದ ಕಳೆಯುತ್ತಾರೆ. ಬಾಡಿಗೆ ಇಳಿದಷ್ಟೂ ಜಮೆಯೂ ಇಳಿಯುತ್ತದೆ. ಇದು ನಷ್ಟವೇನಲ್ಲ, ಆ ಹಣ ಕೈಯಲ್ಲೇ ಉಳಿಯಿತು.

ವೋಚರ್ ಮಿತಿ ಮೀರಿದ ದುಬಾರಿ ಮನೆಗೆ ಜೇಬಿನಿಂದ ಕಟ್ಟುವ ಹೆಚ್ಚುವರಿ ಈ ಲೆಕ್ಕಕ್ಕೆ ಬರುವುದಿಲ್ಲ.

ಹೇಮಾವತಿ_ತೀರ:
ಸಹಿ ಹಾಕಿದ ಮರುತಿಂಗಳೇ ಜಮೆ ಶುರುವೇ? ಕೊನೆಗೆ ಹಣ ಕೈಗೆ ಬಾರದೆ ಹೋಗುವುದು ಯಾವಾಗ?

ಕಡತ_ಮಿತ್ರ:
ಶುರುವಾಗುವುದು ಆದಾಯದ ಮರುಪರಿಶೀಲನೆ ಆದ ಮೇಲೆ. ಕೆಲವು ಅಥಾರಿಟಿಗಳು ಸಂಬಳ ಏರಿದ್ದಕ್ಕೆ ನಡುವೆ ಮರುಲೆಕ್ಕ ಮಾಡದೆ ವಾರ್ಷಿಕ ಪರಿಶೀಲನೆಗೆ ಕಾಯುತ್ತವೆ. ಅಲ್ಲಿಯವರೆಗೆ ಬಾಡಿಗೆಯೂ ಏರದು, ಜಮೆಯೂ ಇಲ್ಲ. ಐದು ವರ್ಷದ ಗಡಿಯೂ ಆ ಮೊದಲ ಪರಿಶೀಲನೆಯಿಂದಲೇ. ಸಕಾರಣವಿದ್ದರೆ ಎರಡು ವರ್ಷದವರೆಗೆ ವಿಸ್ತರಣೆ.

ಹಣ ಕೈತಪ್ಪುವುದು ಹೆಚ್ಚಾಗಿ ಗುರಿಪಟ್ಟಿಯಿಂದ. ಒಪ್ಪಂದಕ್ಕೆ ಲಗತ್ತಿಸುವ ಯೋಜನೆಯಲ್ಲಿ ಬರೆದ ಪ್ರತಿ ಗುರಿಯನ್ನೂ ಮುಗಿಸಬೇಕು. ಉತ್ಸಾಹದಲ್ಲಿ "ಸ್ವಂತ ಮನೆ ಕೊಳ್ಳುವುದು" ಎಂದು ಬರೆಸಿಬಿಟ್ಟರೆ, ಕೆಲಸ, ಉಳಿತಾಯ ಎಲ್ಲ ಇದ್ದೂ ಸಿಕ್ಕಿಕೊಳ್ಳುತ್ತಾರೆ. "ಮನೆ ಖರೀದಿ ತರಗತಿ ಮುಗಿಸುವುದು" ಅಂತ ಬರೆಸಿ. ಗುರಿ ಹೊಂದದಿದ್ದರೆ ನಡುವೆಯೇ ಲಿಖಿತವಾಗಿ ಬದಲಿಸಿಕೊಳ್ಳಿ, ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಇನ್ನೆರಡು ಷರತ್ತು: ಸಹಿ ಹಾಕಿದ ಮುಖ್ಯಸ್ಥರು ಕೆಲಸದಲ್ಲಿರಬೇಕು, ಮುಗಿಸುವಾಗ ಮನೆಯಲ್ಲಿ ಯಾರೂ ಟ್ಯಾನ್ಫ್‌ನಂಥ ನಗದು ವೆಲ್ಫೇರ್ ಪಡೆಯುತ್ತಿರಬಾರದು. ಸ್ನ್ಯಾಪ್ (ಆಹಾರ ನೆರವು), ಎಸ್‌ಎಸ್‌ಐ (ಬಡ ವೃದ್ಧರಿಗೆ, ಅಂಗವಿಕಲರಿಗೆ ಸಿಗುವ ನಗದು) ಅಡ್ಡಿಯಲ್ಲ. ಹಳೇ ಕರಪತ್ರಗಳಲ್ಲಿ ವೆಲ್ಫೇರ್ ಇಲ್ಲದೆ "ಸತತ 12 ತಿಂಗಳು" ಇರಬೇಕು ಅಂತ ಇರುತ್ತದೆ, 2022ರ ನಿಯಮದಲ್ಲಿ ಅದು ಹೋಗಿದೆ. ಬಾಡಿಗೆ ಬಾಕಿಯಿದ್ದರೆ ಅಥಾರಿಟಿ ಎಸ್ಕ್ರೋದಿಂದಲೇ ಮುರಿದುಕೊಳ್ಳುತ್ತದೆ.

ಲೆಕ್ಕದ_ಪುಟ:
ಒಂದು ಸೇರಿಸುತ್ತೇನೆ. ಕಾರು ರಿಪೇರಿ, ಕೋರ್ಸ್ ಶುಲ್ಕದಂಥ ಗುರಿಗೆ ಸಂಬಂಧಿಸಿದ ಖರ್ಚಿದ್ದರೆ ನಡುವೆಯೇ ಸ್ವಲ್ಪ ಹಣ ಬಿಡಿಸಲು ಕೇಳಬಹುದು. ಕೊಡುವುದು ಅಥಾರಿಟಿಯ ವಿವೇಚನೆ. ಖಾತೆಯ ವರದಿಯನ್ನು ವರ್ಷಕ್ಕೊಮ್ಮೆಯಾದರೂ ಅವರು ಕೊಡಲೇಬೇಕು. ಬಂದ ಕೂಡಲೇ ಬಾಡಿಗೆ ನೋಟಿಸಿನ ಜೊತೆ ತಾಳೆ ನೋಡಿ, ಜಮೆ ಬಿಟ್ಟುಹೋದ ತಿಂಗಳು ಅಲ್ಲೇ ಗೊತ್ತಾಗುತ್ತದೆ. ಎಫ್‌ಎಸ್‌ಎಸ್ ಕಾರ್ಯಕ್ರಮ ಮುಗಿಸಿದರೆ ವೋಚರ್ ಬಿಡಬೇಕು ಅಂತ ಆಕೆಗೆ ಯಾರಾದರೂ ಹೆದರಿಸಿದ್ದರೆ, ಹಾಗಿಲ್ಲ. ಅರ್ಹತೆ ಇರುವವರೆಗೆ ಅದು ಮುಂದುವರಿಯುತ್ತದೆ.